ನಂಬರ್ ಬದಲಿಸಿದರೆ ಕೆಲಸ ಮುಗಿಯಿತೇ?

ಕೆಜಿಎಫ್, ಬಂಗಾರಪೇಟೆಯ ಸಣ್ಣಪುಟ್ಟ ವೆಬ್‌ಸೈಟುಗಳಿಗೆ ಬೇಕಿರುವುದು ಹೊಸ ಬಣ್ಣವಲ್ಲ, ಊರು ಬಲ್ಲವರ ನಾಲ್ಕು ಸಾಲು

ಇಂಟರ್ನೆಟ್‌ನಲ್ಲಿ ‘ಕೆಜಿಎಫ್’ ಎಂದು ಹುಡುಕಿದರೆ ಮೊದಲು ಎದುರಾಗುವುದು ಸಿನಿಮಾ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೇ ಭಾಗ ತೆರೆಕಂಡ ಮೇಲೆ ಆ ಮೂರಕ್ಷರ ದೇಶದ ಮೂಲೆಮೂಲೆಗೂ ಗೊತ್ತಾಯಿತು. ಹೆಸರು ಕೊಟ್ಟ, ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಊರು ಮಾತ್ರ ಹುಡುಕಾಟದ ಪಟ್ಟಿಯಲ್ಲಿ ಕೆಳಕ್ಕೆ ಸರಿಯಿತು. ಆದರೆ ಆ ಊರಿನಲ್ಲಿ ಇಂದಿಗೂ ಜನ ಬದುಕುತ್ತಿದ್ದಾರೆ, ದುಡಿಯುತ್ತಿದ್ದಾರೆ. ರಾಬರ್ಟ್‌ಸನ್‌ಪೇಟೆಯ ನರ್ಸಿಂಗ್ ಹೋಂ, ಆಂಡರ್ಸನ್‌ಪೇಟೆಯ ಶಾಲೆ, ಬೆಮೆಲ್ ಕಾರ್ಖಾನೆಯ ಸುತ್ತಮುತ್ತಲ ವರ್ಕ್‌ಶಾಪು, ಪಕ್ಕದ ಬಂಗಾರಪೇಟೆಯ ಲಾಡ್ಜು, ಚಾಟ್ಸ್ ಅಂಗಡಿ, ಕಲ್ಯಾಣಮಂಟಪ, ಎಲ್ಲರಿಗೂ ಗಿರಾಕಿ ಬೇಕು. ಗಿರಾಕಿ ಈಗ ಫೋನಿನಲ್ಲಿ ಹುಡುಕಿ, ವಿಚಾರಿಸಿಕೊಂಡೇ ಮನೆಯಿಂದ ಹೊರಡುತ್ತಾರೆ.

ಇವರಲ್ಲಿ ಅನೇಕರಿಗೆ ಸ್ವಂತ ವೆಬ್‌ಸೈಟ್ ಇದೆ. ಪರಿಚಯದ ಹುಡುಗನೊಬ್ಬ ಯಾವಾಗಲೋ ಮಾಡಿಕೊಟ್ಟದ್ದು. ಆಮೇಲೆ ಅದರ ನೆನಪಾಗುವುದು ಮೊಬೈಲ್ ನಂಬರ್ ಬದಲಾದಾಗ, ಶಾಲೆಯ ದಾಖಲಾತಿ ಶುರುವಾದಾಗ, ಇಲ್ಲವೇ ವರ್ಷದ ಶುಲ್ಕ ಕಟ್ಟಿ ಎಂದು ಮೆಸೇಜ್ ಬಂದಾಗ. “ನಂಬರ್ ಒಂದು ಚೇಂಜ್ ಮಾಡ್ಬಿಡಪ್ಪಾ, ಸಾಕು” ಎನ್ನುತ್ತಾರೆ ಮಾಲೀಕರು. ಅಪ್‌ಡೇಟ್ ಮಾಡುವವರು ಐದು ನಿಮಿಷದಲ್ಲಿ ಬದಲಿಸಿ, ದುಡ್ಡು ಪಡೆದು, ಮುಂದಿನ ಕೆಲಸ ನೋಡುತ್ತಾರೆ. ಇಬ್ಬರಿಗೂ ಸಮಾಧಾನ. ಸೈಟ್ ಮಾತ್ರ ಇದ್ದ ಹಾಗೇ ಉಳಿಯುತ್ತದೆ.

ಗ್ರಾಹಕರ ಸೈಟುಗಳನ್ನು ನೋಡಿಕೊಳ್ಳುವ ಕಸುಬಿನಲ್ಲಿರುವ ನಾನು ನಂಬಿರುವ ಮಾತು ಇಷ್ಟು: ಹೇಳಿದ್ದನ್ನಷ್ಟೇ ಬದಲಿಸುವುದು ಟೈಪಿಂಗ್. ಕೈಗೆ ಬಂದ ಸೈಟನ್ನು ಓದುವವರಿಗೆ ಮೊದಲಿಗಿಂತ ಹೆಚ್ಚು ಉಪಯೋಗಕ್ಕೆ ಬರುವಂತೆ ಮಾಡಿ ಹಿಂದಿರುಗಿಸುವುದು ಅಪ್‌ಡೇಟ್. ಅದಕ್ಕೆ ದುಬಾರಿ ತಂತ್ರಜ್ಞಾನ ಬೇಕಿಲ್ಲ. ಊರು ಗೊತ್ತಿರಬೇಕು, ಬರುವವರ ಕಷ್ಟ ಗೊತ್ತಿರಬೇಕು. ಬೆಂಗಳೂರಿನ ದೊಡ್ಡ ಏಜೆನ್ಸಿಗಳ ಬಳಿ ಇಲ್ಲದ ಈ ಬಂಡವಾಳ ಕೋಲಾರ ಜಿಲ್ಲೆಯ ಹುಡುಗ ಹುಡುಗಿಯರ ಬಳಿ ಬೇಕಾದಷ್ಟಿದೆ.

ಮೊದಲು ಪೂರ್ತಿ ಓದಿ

ನಂಬರ್ ಬದಲಿಸಲು ಸೈಟ್ ತೆರೆದಾಗ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಮ್ಮೆ ಓದಬೇಕು. ಅದೂ ಕಂಪ್ಯೂಟರಿನಲ್ಲಲ್ಲ, ಸಾಧಾರಣ ಬೆಲೆಯ ಮೊಬೈಲಿನಲ್ಲಿ, ಸಾಧಾರಣ ನೆಟ್‌ವರ್ಕಿನಲ್ಲಿ. ಹಾಗೆ ಓದಿದರೆ ಸಾಮಾನ್ಯವಾಗಿ ಸಿಗುವ ದೋಷಗಳು ಇವು: ‘ಹೊಸತು’ ಎಂದು ಮಿನುಗುವ ಪಟ್ಟಿಯ ಪಕ್ಕದಲ್ಲಿ ಏಳೆಂಟು ವರ್ಷದ ಹಿಂದಿನ ದಾಖಲಾತಿ ಪ್ರಕಟಣೆ. ನಿವೃತ್ತರಾದ ಮುಖ್ಯೋಪಾಧ್ಯಾಯರ ಸಂದೇಶ. ಮೇಲ್ಗಡೆ ಹೊಸ ನಂಬರ್, ‘ಸಂಪರ್ಕಿಸಿ’ ಪುಟದಲ್ಲಿ ಹಳೆಯದು, ಕೆಳಗಿನ ಪಟ್ಟಿಯಲ್ಲಿ ಅದಕ್ಕೂ ಹಳೆಯ ಲ್ಯಾಂಡ್‌ಲೈನ್. ಒತ್ತಿದರೆ ಎಲ್ಲಿಗೂ ಹೋಗದ ಲಿಂಕು. ಮ್ಯಾಪಿನಲ್ಲಿ ಅಂಗಡಿಯ ಬದಲು ಊರಿನ ನಡುವಿಗೆ ಚುಚ್ಚಿದ ಗುರುತು.

ಮಾಲೀಕರು ಒಂದು ನಂಬರ್ ಬದಲಿಸಲು ಹೇಳಿರುತ್ತಾರೆ. ಆದರೆ ಆ ನಂಬರ್ ಎಲ್ಲೆಲ್ಲಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಅದನ್ನೆಲ್ಲ ಹುಡುಕಿ ಒಂದೇ ರೀತಿ ಮಾಡುವುದು, ಬೆರಳಿಟ್ಟರೆ ನೇರ ಕರೆ ಹೋಗುವಂತೆ ಜೋಡಿಸುವುದು, ಗೂಗಲ್ ಮ್ಯಾಪಿನಲ್ಲಿರುವ ಅಂಗಡಿಯ ವಿವರದಲ್ಲೂ ಅದೇ ನಂಬರ್ ಇದೆಯೇ ಎಂದು ನೋಡುವುದು, ಇಷ್ಟಕ್ಕೆ ಬೇಕಾದದ್ದು ಅರ್ಧ ಗಂಟೆ. ಮಗುವಿಗೆ ಜ್ವರವೆಂದು ರಾತ್ರಿ ನರ್ಸಿಂಗ್ ಹೋಮಿಗೆ ಫೋನ್ ಮಾಡುವ ತಾಯಿಗೆ ಆ ಅರ್ಧ ಗಂಟೆಯ ಬೆಲೆ ತಿಳಿಯುತ್ತದೆ.

ಸೇರಿಸುವುದರಿಂದಷ್ಟೇ ಅಲ್ಲ, ತೆಗೆಯುವುದರಿಂದಲೂ ಸೈಟಿಗೆ ಬೆಲೆ ಬರುತ್ತದೆ. ಅವಧಿ ಮುಗಿದ ಪ್ರಕಟಣೆ ಹೋಗಲಿ. ಉಳಿಯುವ ಪ್ರತಿ ಸೂಚನೆಗೂ ದಿನಾಂಕ ಇರಲಿ. ಫೋನಿನಿಂದ ನೇರ ಹಾಕಿದ ನಾಲ್ಕೈದು ಎಂಬಿ ತೂಕದ ಚಿತ್ರವನ್ನು ಇನ್ನೂರು ಕೆಬಿಗೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಪುಟ ಮಾತ್ರ ಬೇಗ ತೆರೆದುಕೊಳ್ಳುತ್ತದೆ. ಚಿತ್ರದಲ್ಲಿ ಏನಿದೆ ಎಂದು ಒಂದು ಸಾಲಿನ ವಿವರಣೆ ಹಿನ್ನೆಲೆಯಲ್ಲಿ ಬರೆದಿಟ್ಟರೆ, ಪರದೆ ಓದುವ ತಂತ್ರಾಂಶ ಬಳಸುವ ಅಂಧರಿಗೂ ಆ ಪುಟ ಅರ್ಥವಾಗುತ್ತದೆ.

‘ಕೆಜಿಎಫ್’ ಎಂಬ ರೈಲು ನಿಲ್ದಾಣ ಇಲ್ಲ

ಅನೇಕ ಸೈಟುಗಳಲ್ಲಿ ‘ತಲುಪುವುದು ಹೇಗೆ’ ಎಂಬ ಪುಟ ಇರುತ್ತದೆ. ಅಲ್ಲಿ ಇರುವುದು ಸಾಮಾನ್ಯವಾಗಿ ‘ಬೆಂಗಳೂರಿನಿಂದ ಸುಮಾರು 100 ಕಿ.ಮೀ.’ ಎಂಬ ಒಂದು ಸಾಲು, ಜೊತೆಗೆ ಒಂದು ಮ್ಯಾಪು. ಇದು ಯಾರಿಗೂ ದಾರಿ ತೋರಿಸುವುದಿಲ್ಲ. ಹೊರಗಿನಿಂದ ಬರುವವರು ರೈಲ್ವೆ ಆ್ಯಪಿನಲ್ಲಿ ಕೆಜಿಎಫ್ ಎಂದು ಹಾಕುತ್ತಾರೆ. ಆ ಹೆಸರಿನ ನಿಲ್ದಾಣವೇ ಇಲ್ಲ. ಗಣಿ ಪಟ್ಟಣದೊಳಗೆ ಇರುವ ನಿಲ್ದಾಣಗಳು ಕೋರಮಂಡಲ್, ಊರ್ಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಬಂಗಾರಪೇಟೆ ಜಂಕ್ಷನ್‌ನಲ್ಲಿ ಬೆಂಗಳೂರು–ಚೆನ್ನೈ ಮುಖ್ಯ ಮಾರ್ಗದಿಂದ ಕವಲೊಡೆಯುವ ಈ ಹಾದಿ ಗಣಿಗಳಿಗೆಂದೇ 1890ರ ದಶಕದಲ್ಲಿ ಹಾಕಿದ್ದು. ಇಂದು ಅದೇ ಹಳಿಯ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿ ಬೆಳಗಿನ ಜಾವ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ.

ಇದನ್ನು ತಿಳಿದವರು ಆ ಪುಟವನ್ನು ಹೇಗೆ ಬರೆಯಬಹುದು? ಊರ್ಗಾಂ ಬಳಿಯ ಒಂದು ಕಾಲೇಜಿನ ಸೈಟ್ ಎಂದುಕೊಳ್ಳೋಣ. “ರೈಲಿನಲ್ಲಿ ಬರುವವರು ಮಾರಿಕುಪ್ಪಂ ಗಾಡಿ ಹತ್ತಿ ಊರ್ಗಾಂನಲ್ಲಿ ಇಳಿಯಿರಿ. ನೇರ ಗಾಡಿ ಸಿಗದಿದ್ದರೆ ಬಂಗಾರಪೇಟೆಯಲ್ಲಿ ಇಳಿದು ಕೆಜಿಎಫ್ ಬಸ್ ಹಿಡಿಯಿರಿ. ಬಸ್ಸಿನಲ್ಲಿ ಬರುವವರಿಗೆ ಕೊನೆಯ ನಿಲ್ದಾಣ ರಾಬರ್ಟ್‌ಸನ್‌ಪೇಟೆ. ಅಲ್ಲಿಂದ ಆಟೋ ಸಿಗುತ್ತದೆ. ಪರೀಕ್ಷೆಗೆ ಬರುವವರು ಹಿಂದಿನ ದಿನವೇ ರೈಲಿನ ಸಮಯ ಖಚಿತಪಡಿಸಿಕೊಳ್ಳಿ.” ಐದು ಸಾಲು. ಮಗಳನ್ನು ಮೊದಲ ಸಲ ಪರವೂರಿಗೆ ಕಳಿಸುವ ಮುಳಬಾಗಿಲಿನ ತಂದೆಗೆ ಕಾಲೇಜಿನ ಮೇಲೆ ಭರವಸೆ ಹುಟ್ಟುವುದು ಇಂಥ ಸಾಲುಗಳಿಂದ. ‘ಅತ್ಯಾಧುನಿಕ ಸೌಲಭ್ಯ’ ಎಂಬ ಮಾತಿನಿಂದಲ್ಲ.

ರೈಲಿನ ವೇಳಾಪಟ್ಟಿಯನ್ನು ಮಾತ್ರ ಪುಟದಲ್ಲಿ ಟೈಪ್ ಮಾಡಿ ಇಡಬಾರದು. ಅದು ಬದಲಾಗುತ್ತಲೇ ಇರುತ್ತದೆ, ನಾವು ತಿದ್ದಲು ಮರೆಯುತ್ತೇವೆ. ಬದಲಾಗುವ ಮಾಹಿತಿಗೆ ಅದರ ಮೂಲದ ಕೊಂಡಿ ಕೊಡಬೇಕು, ಬದಲಾಗದ ಮಾಹಿತಿಯನ್ನು ನಾವೇ ಬರೆಯಬೇಕು.

‘ಏಷ್ಯಾದಲ್ಲೇ ಮೊದಲು’ ಎಂಬ ಸಾಲು

ಕೆಜಿಎಫ್‌ನ ಲಾಡ್ಜು, ಶಾಲೆ, ಸಂಘಸಂಸ್ಥೆ, ಯಾವುದರ ಸೈಟ್ ತೆರೆದರೂ ಊರಿನ ಪರಿಚಯದಲ್ಲಿ ಒಂದು ಸಾಲು ಕಾಣುವುದುಂಟು: ‘ಏಷ್ಯಾದಲ್ಲೇ ಮೊದಲು ವಿದ್ಯುತ್ ಕಂಡ ಊರು’. ಒಬ್ಬರು ಬರೆದದ್ದನ್ನು ಹತ್ತು ಮಂದಿ ನಕಲು ಮಾಡಿದ್ದಾರೆ. ಇದು ನಿಜವಲ್ಲ. ಟೋಕಿಯೋದಲ್ಲಿ 1880ರ ದಶಕದಲ್ಲೇ ವಿದ್ಯುತ್ ಕಂಪನಿ ದೀಪ ಹಚ್ಚಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್‌ನಲ್ಲಿ 1897ರಲ್ಲಿ ಜಲವಿದ್ಯುತ್ ಶುರುವಾಗಿತ್ತು.

ಹಾಗೆಂದು ಆ ಸಾಲನ್ನು ಅಳಿಸಿ ಸುಮ್ಮನಾಗಬೇಕಿಲ್ಲ. ನಿಜ ಸಂಗತಿಯೇ ಸಾಕಷ್ಟು ದೊಡ್ಡದಿದೆ. 1902ರ ಜೂನ್‌ನಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಕೋಲಾರದ ಗಣಿಗಳಿಗೆ ವಿದ್ಯುತ್ ತಂದರು. ಅಷ್ಟು ದೂರದ ಸಾಗಣೆ ಆ ಕಾಲಕ್ಕೆ ಜಗತ್ತಿನ ಗಮನ ಸೆಳೆದ ಸಾಹಸ. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದದ್ದು ಅದಕ್ಕೂ ಮೂರು ವರ್ಷದ ಮೇಲೆ, 1905ರಲ್ಲಿ. ವರ್ಷ, ಸ್ಥಳ, ದೂರ ಮೂರನ್ನೂ ಕೊಟ್ಟು ಹೀಗೆ ಬರೆದರೆ ಓದಿದವರು ನಂಬುತ್ತಾರೆ, ಮಕ್ಕಳ ಪ್ರಾಜೆಕ್ಟಿಗೂ ಬಳಸುತ್ತಾರೆ, ಇತರ ಸೈಟುಗಳು ಕೊಂಡಿ ಕೊಡುತ್ತವೆ. ಹುಡುಕಾಟದಲ್ಲಿ ಪುಟ ಮೇಲೇರಲು ಇದಕ್ಕಿಂತ ಒಳ್ಳೆಯ ಹಾದಿ ನನಗೆ ಗೊತ್ತಿಲ್ಲ.

ಇಂಥ ಸಂಗತಿಗಳಿಗೆ ಕೆಜಿಎಫ್‌ನಲ್ಲಿ ಬರವಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳವನ್ನೇ ಬಳಸಿಕೊಂಡು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರ ಜೊತೆ ಸೇರಿ ನೆಲದಡಿ ಎರಡು ಕಿಲೋಮೀಟರಿಗೂ ಕೆಳಗೆ ಉಪಕರಣ ಇಟ್ಟರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡಕ್ಕೆ ಸಿಕ್ಕಿತು. ಜಗತ್ತಿನಲ್ಲಿ ವಾತಾವರಣದ ನ್ಯೂಟ್ರಿನೊವನ್ನು ಮೊದಲು ಕಂಡ ಎರಡು ಜಾಗಗಳಲ್ಲಿ ಒಂದು ನಮ್ಮ ಕೆಜಿಎಫ್. ಇಲ್ಲಿನ ಒಂದು ವಿಜ್ಞಾನ ಕಾಲೇಜಿನ ‘ನಮ್ಮ ಬಗ್ಗೆ’ ಪುಟದಲ್ಲಿ ಈ ನಾಲ್ಕು ಸಾಲಿಗೆ ಜಾಗ ಇರಬೇಡವೇ?

ಊರಿನ ಬಗ್ಗೆ ಬರೆಯುವಾಗ ಕಹಿ ಸತ್ಯವನ್ನೂ ಬಿಡಬಾರದು. ಇಲ್ಲಿನ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಗಣಿಯೊಳಗೆ ಇಳಿದು ನೋಡಬಹುದೆಂದು, ಸಿನಿಮಾದಲ್ಲಿ ಕಂಡ ಕೋಟೆ ಇಲ್ಲಿದೆಯೆಂದು ನಂಬಿ ದೂರದಿಂದ ಬರುವವರಿದ್ದಾರೆ. ಲಾಡ್ಜಿನ ಸೈಟ್ ಮುಂಚೆಯೇ ಹೇಳಿಬಿಡಲಿ: ಗಣಿಯೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಗಣಿ ಜಾಗದಲ್ಲಿ ಅನುಮತಿ ಇಲ್ಲದೆ ತಿರುಗಾಡಬಾರದು, ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಧೂಳು ಆರೋಗ್ಯಕ್ಕೆ ಒಳ್ಳೆಯದಲ್ಲ, ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ. ಆಮೇಲೆ ನೋಡಲು ಏನಿದೆ ಎಂದು ಹೇಳಲಿ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗ ಇದೆ. ಗಣಿಗೆ, ಊರಿಗೆ ನೀರು ಕೊಟ್ಟ ಬೇತಮಂಗಲದ ಪಾಲಾರ್ ಕೆರೆ ಇದೆ. ನಿರಾಶೆಯಿಂದ ಮರಳುವ ಅತಿಥಿಗಿಂತ ಮುಂಚೆಯೇ ತಿಳಿದು ಬಂದ ಅತಿಥಿ ಲಾಡ್ಜಿಗೆ ಮೇಲು.

ಪಾನಿಪೂರಿಯವರ ಪ್ರಶ್ನೆ ಬೇರೆ, ವರ್ಕ್‌ಶಾಪಿನ ಪ್ರಶ್ನೆ ಬೇರೆ

ಒಂದೇ ಅಚ್ಚಿನ ಬರಹವನ್ನು ಎಲ್ಲ ಗ್ರಾಹಕರಿಗೂ ಅಂಟಿಸುವುದು ಈ ಕಸುಬಿನ ದೊಡ್ಡ ರೋಗ. ‘ಗುಣಮಟ್ಟವೇ ನಮ್ಮ ಗುರಿ, ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯ’ ಎಂಬ ಸಾಲನ್ನು ಬೇಕರಿಗೂ ಹಾಕಬಹುದು, ಆಸ್ಪತ್ರೆಗೂ ಹಾಕಬಹುದು. ಎಲ್ಲಿಗಾದರೂ ಹೊಂದುವ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ.

ಬಂಗಾರಪೇಟೆಯ ಪಾನಿಪೂರಿ ನೋಡಿ. ಕುಡಿಯುವ ನೀರಿನಷ್ಟೇ ತಿಳಿಯಾಗಿ ಕಾಣುವ ಪಾನಿ, ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು ತರಿಸುವ ಖಾರ. ಆ ಹೆಸರಿನ ಬೋರ್ಡುಗಳು ಈಗ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಇವೆ. ಹಾಗಿರುವಾಗ ಬಂಗಾರಪೇಟೆಯಲ್ಲೇ ಇರುವ ಅಂಗಡಿಯ ಸೈಟ್ ಏನು ಹೇಳಬೇಕು? ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ವಾರದ ರಜೆ ಯಾವತ್ತು, ಸ್ಟೇಷನ್ನಿನಿಂದ ನಡೆದು ಬರಬಹುದೇ, ಬೆಳ್ಳುಳ್ಳಿ ಹಾಕದೆ ಕೊಡುತ್ತಾರೆಯೇ, ಮಕ್ಕಳಿಗೆ ಖಾರ ಕಡಿಮೆ ಮಾಡಿಕೊಡುತ್ತಾರೆಯೇ, ಮದುವೆಗೆ ಆರ್ಡರ್ ತೆಗೆದುಕೊಳ್ಳುತ್ತಾರೆಯೇ, ಎಷ್ಟು ದಿನ ಮುಂಚೆ ಹೇಳಬೇಕು. ಅಂಗಡಿಯವರು ದಿನವೂ ಬಾಯಲ್ಲಿ ಉತ್ತರಿಸುವ ಪ್ರಶ್ನೆಗಳೇ ಇವು. ಒಂದು ಸಂಜೆ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಕೇಳಿಸಿಕೊಂಡರೆ ಪುಟಕ್ಕೆ ಬೇಕಾದ್ದೆಲ್ಲ ಸಿಗುತ್ತದೆ. ಬೆಲೆಪಟ್ಟಿ ಹಾಕುವುದಾದರೆ ಯಾವ ತಿಂಗಳಿನದು ಎಂದು ಬರೆಯಬೇಕು.

ವರ್ಕ್‌ಶಾಪಿನ ಕಥೆಯೇ ಬೇರೆ. ಬುಲ್ಡೋಜರ್, ಎಕ್ಸ್‌ಕವೇಟರ್‌ಗಳನ್ನು ತಯಾರಿಸುವ ಬೆಮೆಲ್ 1964ರಲ್ಲಿ ಸ್ಥಾಪನೆಯಾದಾಗಿನಿಂದ ಈ ಭಾಗದಲ್ಲಿ ಕಬ್ಬಿಣದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಗಣಿಯ ವರ್ಕ್‌ಶಾಪುಗಳಲ್ಲಿ ಪಳಗಿದ ಕೈಗಳೂ ಇದ್ದವು. ಈಗ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ದೊಡ್ಡ ಕಂಪನಿಗಳಿವೆ. ಅಲ್ಲಿನ ಖರೀದಿ ವಿಭಾಗದವರು ಸಣ್ಣ ವರ್ಕ್‌ಶಾಪಿನ ಸೈಟಿನಲ್ಲಿ ಹುಡುಕುವುದು ಯಂತ್ರಗಳ ಪಟ್ಟಿ. ಲೇತಿನ ಬೆಡ್ ಎಷ್ಟು ಉದ್ದ, ಪ್ರೆಸ್ ಎಷ್ಟು ಟನ್, ಎಷ್ಟು ಎಂ.ಎಂ. ದಪ್ಪದ ತಗಡನ್ನು ಕತ್ತರಿಸಬಹುದು, ಅಳತೆಯಲ್ಲಿ ಎಷ್ಟು ವ್ಯತ್ಯಾಸದೊಳಗೆ ಕೊಡುತ್ತಾರೆ, ವೆಲ್ಡಿಂಗ್ ಯಾವ ಬಗೆಯದು, ಜಿಎಸ್‌ಟಿ ನೋಂದಣಿ ಇದೆಯೇ, ತಿಂಗಳಿಗೆ ಎಷ್ಟು ಪೀಸ್ ಸಾಧ್ಯ. ಮಾಲೀಕರು ಕೇಳಿದ್ದು ನಂಬರ್ ಬದಲಾವಣೆಯನ್ನು. ಯಂತ್ರಗಳ ಪಟ್ಟಿ ಇಲ್ಲ ಎಂದು ನಾವು ನೆನಪಿಸಿ, ಶೆಡ್ಡಿಗೆ ಹೋಗಿ ಬರೆದುಕೊಂಡು, ಒಂದು ಪುಟ ಮಾಡಿಕೊಟ್ಟರೆ ಆ ಬದಲಾದ ನಂಬರಿಗೆ ಕರೆ ಬರುವ ಸಾಧ್ಯತೆ ಹೆಚ್ಚುತ್ತದೆ.

ಹುಡುಕಿದರೆ ಸಿಗುವ ಕನ್ನಡ

ಹಳೆಯ ಸೈಟುಗಳಲ್ಲಿ ಕನ್ನಡ ಪುಟ ಇದ್ದರೂ ಅದು ಹುಡುಕಾಟಕ್ಕೆ ಸಿಗದೆ ಹೋಗುವುದುಂಟು. ಕಾರಣ ಎರಡು. ಒಂದು, ಬರಹವನ್ನು ಚಿತ್ರವಾಗಿ ಅಥವಾ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಹಾಕಿರುತ್ತಾರೆ. ಎರಡು, ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿರುತ್ತಾರೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗುಡ್ಡೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಕೆಟ್ಟಿವೆಯೇ ಎಂದು ಒಂದೊಂದು ಸಾಲೂ ಓದಿ ತಿದ್ದಬೇಕು. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಶಾಲೆಯ ನಿಯಮ, ಸೊಸೈಟಿಯ ವಾರ್ಷಿಕ ವರದಿ, ಆಸ್ಪತ್ರೆಯ ಸೂಚನೆ ಎಲ್ಲವೂ ಕನ್ನಡದಲ್ಲಿ ಹುಡುಕಿದವರಿಗೆ ಸಿಗತೊಡಗುತ್ತವೆ.

ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗಣಿ ಕೆಲಸಕ್ಕೆಂದು ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕುಟುಂಬಗಳವು. ಆಸ್ಪತ್ರೆಯ ಸೈಟಿನಲ್ಲಿ ಕನ್ನಡದ ಜೊತೆ ತಮಿಳಿನಲ್ಲೂ ತುರ್ತು ನಂಬರ್, ಸಮಯ, ವಿಭಾಗಗಳ ಹೆಸರು ಇದ್ದರೆ ವಯಸ್ಸಾದವರಿಗೆ ಅನುಕೂಲ. ಯಂತ್ರಾನುವಾದವನ್ನು ನೇರ ಅಂಟಿಸದೆ, ಆ ಭಾಷೆ ಬಲ್ಲ ಸಿಬ್ಬಂದಿಯೊಬ್ಬರಿಂದ ಓದಿಸಿ ಹಾಕಬೇಕು. ಅಂಥವರು ಕೆಜಿಎಫ್‌ನಲ್ಲಿ ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ.

ಕೇಳಿ ಮಾಡಿ, ಲೆಕ್ಕ ಕೊಡಿ

ಇಷ್ಟೆಲ್ಲ ಮಾಡುವ ಉತ್ಸಾಹದಲ್ಲಿ ಮಾಲೀಕರ ಮಾತು ಮೀರಬಾರದು. ಸೈಟ್ ಅವರದು. ಕೇಳಿದ ಕೆಲಸವನ್ನು ಮೊದಲು ಮುಗಿಸಿ, ಕಂಡ ದೋಷಗಳ ಪಟ್ಟಿಯನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಕು. ಯಾವುದು ಈ ಶುಲ್ಕದಲ್ಲೇ ಆಗುತ್ತದೆ, ಯಾವುದಕ್ಕೆ ಬೇರೆ ಖರ್ಚು ಎಂದು ಸ್ಪಷ್ಟವಾಗಿ ಬರೆಯಬೇಕು. ತಪ್ಪು ನಂಬರ್, ಸತ್ತ ಕೊಂಡಿ, ಹಳೆಯ ಪ್ರಕಟಣೆ, ಇವಕ್ಕೆ ಹೆಚ್ಚುವರಿ ಹಣ ಕೇಳುವುದು ಸರಿಯಲ್ಲ. ಹೊಸ ಪುಟ, ಅನುವಾದ, ಫೋಟೋ ತೆಗೆಯುವುದು, ಇವಕ್ಕೆ ಕೇಳುವುದು ನ್ಯಾಯ. ಕೆಲಸ ಮುಗಿದ ಮೇಲೆ ಏನೇನು ಬದಲಾಯಿತು ಎಂದು ದಿನಾಂಕ ಸಮೇತ ಅರ್ಧ ಪುಟ ಬರೆದುಕೊಟ್ಟರೆ ಮಾಲೀಕರಿಗೂ ನಂಬಿಕೆ, ಮುಂದೆ ಸೈಟ್ ನೋಡಿಕೊಳ್ಳುವವರಿಗೂ ಸಹಾಯ.

ಪುಟದ ವಿಳಾಸವನ್ನು ಸುಮ್ಮನೆ ಬದಲಿಸಬಾರದು. ಬದಲಿಸಲೇಬೇಕಾದರೆ ಹಳೆಯ ವಿಳಾಸಕ್ಕೆ ಬಂದವರು ಹೊಸದಕ್ಕೆ ತಾನಾಗಿ ಹೋಗುವಂತೆ ಮಾಡಬೇಕು. ಇನ್ನೊಂದು ಮುಖ್ಯ ಸಂಗತಿ, ಡೊಮೈನ್ ಹೆಸರು. ಅದು ಮಾಲೀಕರ ಹೆಸರಿನಲ್ಲಿ, ಅವರ ಇಮೇಲಿನಲ್ಲಿ ನೋಂದಣಿಯಾಗಿರಬೇಕು, ಪಾಸ್‌ವರ್ಡ್ ಅವರ ಬಳಿ ಇರಬೇಕು. ಮಾಡಿಕೊಟ್ಟವರ ಹೆಸರಿನಲ್ಲೇ ಉಳಿದು, ಅವರು ಊರು ಬಿಟ್ಟ ಮೇಲೆ ಹೆಸರೇ ಕೈತಪ್ಪಿದ ಸಂಸ್ಥೆಗಳಿವೆ. ಅಪ್‌ಡೇಟಿಗೆ ಬಂದಾಗ ಇದನ್ನು ಪರೀಕ್ಷಿಸಿ ಸರಿಪಡಿಸುವುದೇ ಗ್ರಾಹಕರಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ.

ಊರಿನ ದಾಖಲೆ ಯಾರ ಕೈಯಲ್ಲಿ?

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದಲ್ಲಿಂದ 2001ರವರೆಗೆ, ಸುಮಾರು 120 ವರ್ಷ ಈ ನೆಲ ಚಿನ್ನ ಕೊಟ್ಟಿತು. ಆ ಅವಧಿ ಮುಗಿಯುವ ಹೊತ್ತಿಗೆ ನಮ್ಮ ಸಣ್ಣ ಊರುಗಳಿಗೆ ಇಂಟರ್ನೆಟ್ ಸರಿಯಾಗಿ ಬಂದಿರಲಿಲ್ಲ. ಹಾಗಾಗಿ ದುಡಿಯುತ್ತಿದ್ದ ಕೆಜಿಎಫ್ ತನ್ನ ಬಗ್ಗೆ ತಾನೇ ಜಾಲದಲ್ಲಿ ಬರೆದುಕೊಳ್ಳಲಿಲ್ಲ. ಬೇರೆಯವರು ಆಮೇಲೆ ಬರೆದರು, ಸಿನಿಮಾ ತನ್ನ ಕಥೆ ಹೇಳಿತು. ಈಗ ಉಳಿದಿರುವುದು ಇಲ್ಲಿನ ಶಾಲೆ, ಚರ್ಚು, ದೇವಸ್ಥಾನ, ಕ್ಲಬ್ಬು, ಕ್ರೀಡಾ ಸಂಘಗಳ ಸೈಟುಗಳಲ್ಲಿರುವ ‘ನಮ್ಮ ಇತಿಹಾಸ’ ಎಂಬ ಪುಟಗಳು. ಶಾಲೆಯ ಹಳೆಯ ಫೋಟೋದಲ್ಲಿ ಯಾರು ಯಾರಿದ್ದಾರೆ, ಯಾವ ವರ್ಷದ್ದು ಎಂದು ಹೇಳಬಲ್ಲವರು ಇನ್ನೂ ಇದ್ದಾರೆ. ಅವರನ್ನು ಕೇಳಿ ಅಡಿಬರಹ ಸೇರಿಸುವುದು ಅಪ್‌ಡೇಟ್ ಮಾಡುವವರಿಂದಲೇ ಆಗಬೇಕು. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು ಎಂಬುದನ್ನೂ ಪುಟದಲ್ಲಿ ಬರೆದಿಟ್ಟರೆ, ಅಜ್ಜ ದುಡಿದ ಜಾಗವನ್ನು ಹಳೆಯ ಹೆಸರಿನಿಂದ ಹುಡುಕುವ ಮೊಮ್ಮಕ್ಕಳಿಗೆ ದಾರಿ ಸಿಗುತ್ತದೆ. ಸೈಟನ್ನು ಹೊಸದಾಗಿ ಕಟ್ಟುವಾಗ ಇಂಥ ಪುಟಗಳನ್ನು ‘ಹಳೆಯದು’ ಎಂದು ಅಳಿಸುವ ಮುಂಚೆ ಪ್ರತಿ ತೆಗೆದಿಡಬೇಕು.

ಕೆಜಿಎಫ್, ಬಂಗಾರಪೇಟೆಯಲ್ಲಿ ಈ ಕೆಲಸ ಮಾಡುತ್ತಿರುವ ತರುಣ ತರುಣಿಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಯಾರಾದರೂ ನಂಬರ್ ಬದಲಿಸಲು ಹೇಳಿದರೆ ಬದಲಿಸಿ, ಜೊತೆಗೆ ಮೂರು ಕೆಲಸ ಮಾಡಿ: ಸುಳ್ಳಾದ ಒಂದು ಸಾಲು ತೆಗೆಯಿರಿ, ಬರುವವರಿಗೆ ಬೇಕಾದ ಒಂದು ಉತ್ತರ ಸೇರಿಸಿ, ಊರಿನ ಬಗ್ಗೆ ಪರಿಶೀಲಿಸಿದ ಒಂದು ಸಂಗತಿ ಬರೆಯಿರಿ. ಮಾಲೀಕರೇ, ನೀವೂ ಅದಕ್ಕೆ ತಕ್ಕ ಸಮಯ ಕೊಡಿ, ತಕ್ಕ ಸಂಭಾವನೆ ಕೊಡಿ. ನಿಮ್ಮ ಅಂಗಡಿಯನ್ನೂ ನಿಮ್ಮ ಊರನ್ನೂ ನಿಮಗಿಂತ ಚೆನ್ನಾಗಿ ಬೇರೆ ಯಾರೂ ಪರಿಚಯಿಸಲಾರರು.